ರೆಕ್ಕೆಯ ಒಳಗಿನ ಕೈ

ಹೋದ ತಿಂಗಳು ಒಂದು ಬೆಳಿಗ್ಗೆ ಕುರ್ಲಾದ ಗಾಲಾದಿಂದ ಆ ಎರಡು ರೆಕ್ಕೆಗಳು ಹೊರಗೆ ಬಂದವು. ಗಾಲಾ ಎಂದರೆ ನಮ್ಮ ಮುಂಬಯಿಯಲ್ಲಿ ಸಣ್ಣ ಕಾರ್ಖಾನೆಯವರಿಗೆ ಬಾಡಿಗೆಗೆ ಸಿಗುವ ಉದ್ದನೆಯ ಖೋಲಿ. ಒಂದು ಶಟರ್, ಎರಡು ಟ್ಯೂಬ್‌ಲೈಟು, ಮೇಲೆ ಬಿಸಿಲಿಗೆ ಕಾದು ಕೆಂಡವಾಗುವ ತಗಡಿನ ಮಾಡು. ಅಂಥ ಜಾಗದಿಂದ ವಿಮಾನದ ರೆಕ್ಕೆ ಹೊರಬಿದ್ದರೆ ಜನ ಸುಮ್ಮನಿರುತ್ತಾರೆಯೇ? ಪಾತ್ರೆಗೆ ಪಾಲಿಶ್ ಹಾಕುವವರು, ರಬ್ಬರ್ ಕತ್ತರಿಸುವವರು, ಚಹಾದವನು, ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಮೊಬೈಲು ಎತ್ತಿ ನಿಂತರು. ಟೆಂಪೊದಲ್ಲಿ ಹಳೆಯ ಗಾದಿಗಳನ್ನು ಹಾಸಿ ರೆಕ್ಕೆಗಳನ್ನು ಮಲಗಿಸಿದ್ದಾಯಿತು. ಹಗ್ಗ ಬಿಗಿಯುತ್ತ ಡ್ರೈವರ್ ಇದು ಯಾರದ್ದು ಎಂದು ಹಿಂದಿಯಲ್ಲಿ ಕೇಳಿದ. ಅಕ್ಕೋರ ಯಜಮಾನರು ತಡಮಾಡದೆ, "ಮೇರಿ ಘರ್‌ವಾಲಿ ಕಾ" ಎಂದರು. ಅವನು ನನ್ನ ಕಡೆ ತಿರುಗಿ ಕೈ ಮುಗಿದ. ನಾನಲ್ಲ ಮಾರಾಯ ಎಂದು ಹೇಳಲು ಹೋದವಳು, ಹಗ್ಗದ ಇನ್ನೊಂದು ತುದಿಯನ್ನು ಹಿಡಿದು ಕೊಟ್ಟೆ.

ಆ ಮನೆಯಾಕೆ ಹೋಗಿ ವರ್ಷದ ಮೇಲಾಯಿತು. ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಹೆಸರು ಹೇಳಿದರೆ ಅವರಿಗೆ ಹಿಡಿಸುತ್ತಿರಲಿಲ್ಲ. ಹೊಗಳಿ ಬರೆದರಂತೂ ಕೆಂಪು ಪೆನ್ನು ತೆಗೆದುಕೊಂಡು ಕೂರುತ್ತಿದ್ದರು. ಆದ್ದರಿಂದ ಆದಷ್ಟು ಸರಿಯಾಗಿ ಬರೆಯುವುದಷ್ಟೇ ನನಗೆ ಉಳಿದಿರುವ ದಾರಿ.

ಘಾಟ್ಕೋಪರಿನ ಒಂದು ಕನ್ನಡ ಶಾಲೆಯಲ್ಲಿ ನಾವಿಬ್ಬರೂ ಬಹಳ ವರ್ಷ ಒಟ್ಟಿಗೆ ಕಲಿಸಿದೆವು. ಅವರದು ಗಣಿತ, ನನ್ನದು ಕನ್ನಡ. ಮಕ್ಕಳಲ್ಲಿ ಹೆಚ್ಚಿನವರು ಕಟ್ಟಡದ ಕೆಲಸಕ್ಕೆಂದು ವಿಜಯಪುರ, ಕಲಬುರಗಿ ಕಡೆಯಿಂದ ಬಂದವರ ಮಕ್ಕಳು. ಗದಗದ ಕಡೆಯವರಾದ ಇವರನ್ನು ಅವು ತಮ್ಮ ಊರಿನ ರೂಢಿಯಂತೆ "ಅಕ್ಕೋರ" ಎಂದು ಕರೆದವು. ನಾನು ಉಡುಪಿಯವಳು, ನಮ್ಮಲ್ಲಿ ಟೀಚರ್ ಅಂದರೆ ಟೀಚರೇ. ಆದರೂ ಸೇರಿದ ಮೊದಲ ವಾರದಲ್ಲೇ ನನ್ನ ಬಾಯಲ್ಲೂ ಅಕ್ಕೋರೇ ಎಂದು ಬಂತು. ಕುಳ್ಳಗಿನ ಸಣಕಲು ದೇಹ, ಎಣ್ಣೆ ಹಚ್ಚಿ ಬಿಗಿದ ತುರುಬು. ಹುಡುಗಿಯರ ಬಳೆಯೂ ಸಡಿಲಾಗುವಷ್ಟು ಚಿಕ್ಕ ಕೈಗಳು. ಆ ಕೈಯಲ್ಲಿ ಬೋರ್ಡಿನ ಮೇಲೆ ವೃತ್ತ ಎಳೆದರೆ ಕೈವಾರದ ಹಂಗಿಲ್ಲದೆ ತುದಿಗೆ ತುದಿ ಕೂಡುತ್ತಿತ್ತು.

ಲೆಕ್ಕದ ಕೊನೆಯ ಸಾಲಿನಲ್ಲಿ ತಪ್ಪಾಗಿದ್ದರೂ ಪೂರ್ತಿ ಲೆಕ್ಕವನ್ನು ಅಳಿಸಿಸುವುದು ಅವರ ಕ್ರಮ. "ಅಳಸು, ಮತ್ತ ಬರಿ" ಅನ್ನುತ್ತಿದ್ದರು, ಸಿಟ್ಟಿಲ್ಲದೆ, ನೀರು ಕುಡಿ ಅಂದಷ್ಟೇ ಸಲೀಸಾಗಿ. ಮೇಲಿನ ಸಾಲುಗಳು ಸರಿ ಇವೆಯಲ್ಲ, ಪಾಪ, ಅಷ್ಟಕ್ಕಾದರೂ ಮಾರ್ಕು ಕೊಡಬಾರದೇ ಎಂದು ನಾನು ವಾದಿಸುತ್ತಿದ್ದೆ. ನಾನು ಕನ್ನಡದವಳು, ಒತ್ತಕ್ಷರ ಬಿಟ್ಟವರಿಗೂ ಅರ್ಧ ಮಾರ್ಕು ಹಾಕಿ ಪುಣ್ಯ ಕಟ್ಟಿಕೊಳ್ಳುವವಳು. ಒಂದು ವರ್ಷ ಹೆಡ್‌ಮಾಸ್ತರರು ಒಬ್ಬ ಹುಡುಗಿಯನ್ನು ಹೇಗಾದರೂ ದಾಟಿಸಿಬಿಡಿ ಎಂದು ಇವರಿಗೆ ಹೇಳಿ ಕಳಿಸಿದರು. ಅಕ್ಕೋರು ದಾಟಿಸಲಿಲ್ಲ. ಬದಲಿಗೆ ಇಡೀ ಬೇಸಿಗೆ ರಜೆ ಆ ಹುಡುಗಿಯನ್ನು ಮನೆಗೆ ಕರೆಸಿ ಎದುರು ಕೂರಿಸಿಕೊಂಡರು. ಜೂನ್‌ನಲ್ಲಿ ಮತ್ತೆ ಪರೀಕ್ಷೆ ಬರೆಸಿ, ಅವಳು ತಾನಾಗಿ ಪಾಸಾದ ಮೇಲೆ ಹೆಡ್‌ಮಾಸ್ತರರ ಟೇಬಲ್ಲಿಗೆ ಪೇಪರು ಒಯ್ದಿಟ್ಟರು. ಆ ಹುಡುಗಿ ಈಗ ವಿಲೆ ಪಾರ್ಲೆಯ ಒಂದು ಔಷಧಿ ಅಂಗಡಿಯಲ್ಲಿದ್ದಾಳೆ. ನಾನು ಹೋದಾಗಲೆಲ್ಲ ತನ್ನ ಹಾಳಾದ ಆ ರಜೆಯ ಬಗ್ಗೆ ಅಕ್ಕೋರನ್ನು ಬೈಯುತ್ತಾಳೆ. ಬೈದು ಮುಗಿಸುವ ಹೊತ್ತಿಗೆ ಅವಳ ಕಣ್ಣೂ ನನ್ನ ಕಣ್ಣೂ ಒದ್ದೆಯಾಗಿರುತ್ತವೆ.

ಮನೆಯಲ್ಲೂ ಅದೇ ಬುದ್ಧಿ. ನಾನು ನೀರುದೋಸೆ ಮಾಡಿ ಅವರ ಬಿಲ್ಡಿಂಗಿಗೆ ಒಯ್ದರೆ, ಎಲ್ಲರೂ ಅನ್ನುವಂತೆ ಚೆನ್ನಾಗಿದೆ ಅನ್ನುತ್ತಿರಲಿಲ್ಲ. "ಇವತ್ತ ಸ್ವಲ್ಪ ದಪ್ಪ ಆಗ್ಯಾವ್ರಿ" ಅನ್ನುತ್ತ ನಾಲ್ಕನ್ನೂ ತಿನ್ನುತ್ತಿದ್ದರು. ಮೊದಮೊದಲು ನನಗೆ ಮುಖಕ್ಕೆ ಹೊಡೆದಂತಾಗುತ್ತಿತ್ತು. ಆಮೇಲೆ ತಿಳಿಯಿತು, ಇವರು ಒಂದು ದಿನ ಚೆನ್ನಾಗಿದೆ ಅಂದರೆ ಅದು ನಿಜಕ್ಕೂ ಚೆನ್ನಾಗಿದೆ. ಅಂಥ ಒಬ್ಬರಾದರೂ ಹತ್ತಿರ ಇರುವುದು ಎಂಥ ನೆಮ್ಮದಿ ಎಂದು ಈಗ ಅನ್ನಿಸುತ್ತದೆ.

ಇಂಥವರು ವಿಮಾನದ ಕೆಲಸಕ್ಕೆ ಬಿದ್ದದ್ದು ಗಂಡನಿಂದಾಗಿ. ಯಜಮಾನರು ವಿಲೆ ಪಾರ್ಲೆ ಕಡೆ ವಿಮಾನ ರಿಪೇರಿಯ ಹ್ಯಾಂಗರಿನಲ್ಲಿ ತಗಡಿನ ಕೆಲಸ ಮಾಡಿ ನಿವೃತ್ತರಾದವರು. ಇಡೀ ಆಯುಷ್ಯ ಕಂಡವರ ವಿಮಾನಗಳಿಗೆ ತೇಪೆ ಹಾಕಿದ್ದಾಯಿತು, ಒಂದನ್ನಾದರೂ ಮೊದಲಿನಿಂದ ಕೊನೆಯವರೆಗೆ ಸ್ವಂತ ಕೈಯಿಂದ ಕಟ್ಟಿ ಹಾರಿಸಬೇಕು ಎಂಬುದು ಅವರ ಹುಚ್ಚು. ಹಾರಿಸುವ ತರಬೇತಿಯನ್ನು ಪ್ರಾಯದಲ್ಲೇ ಹೇಗೋ ಪಡೆದಿದ್ದರು. ಇಬ್ಬರು ಕೂರುವ ಪುಟ್ಟ ವಿಮಾನದ ನಕ್ಷೆ ತರಿಸಿ, ಕುರ್ಲಾದಲ್ಲಿ ಗಾಲಾ ಹಿಡಿದರು. ಹ್ಯಾಂಗರಿನ ಒಬ್ಬ ಗೆಳೆಯ ರಜಾದಿನಗಳಲ್ಲಿ ಬಂದು ಕೈ ಕೂಡಿಸುತ್ತಿದ್ದ. ಅವನು ಗಲ್ಫಿಗೆ ಹೋದ ಮೇಲೆ ಕೆಲಸ ನಿಂತಿತು. ಏಕೆಂದರೆ ಈ ಕೆಲಸ ಒಬ್ಬರಿಂದ ಆಗುವುದಿಲ್ಲ.

ಯಾಕೆ ಆಗುವುದಿಲ್ಲ ಎಂದು ಅಕ್ಕೋರೇ ನನಗೆ ವಿವರಿಸಿದ್ದು. ರೆಕ್ಕೆಯೊಳಗೆ ಮೀನಿನ ಮುಳ್ಳಿನಂಥ ಪಕ್ಕೆಗಳ ಚೌಕಟ್ಟು ಇರುತ್ತದೆ, ಅದರ ಮೇಲೆ ತೆಳ್ಳನೆಯ ಅಲ್ಯೂಮಿನಿಯಂ ತಗಡು. ಎರಡನ್ನೂ ಸೇರಿಸಿ ಕೊರೆದ ತೂತಿಗೆ ರಿವೆಟ್ ಎಂಬ ಗಿಡ್ಡ ಮೊಳೆಯನ್ನು ತೂರಿಸಬೇಕು. ಹೊರಗಿನಿಂದ ಒಬ್ಬರು ಗಾಳಿಯ ಗನ್ನಿನಿಂದ ರಿವೆಟ್ಟಿನ ತಲೆಗೆ ಬಡಿಯುತ್ತಾರೆ. ಒಳಗಿನಿಂದ ಇನ್ನೊಬ್ಬರು ಅದರ ಬಾಲಕ್ಕೆ ಉಕ್ಕಿನ ಗಟ್ಟಿಯೊಂದನ್ನು ಒತ್ತಿ ಹಿಡಿಯುತ್ತಾರೆ, ಅದಕ್ಕೆ ಡಾಲಿ ಎಂದು ಹೆಸರು. ಎರಡರ ನಡುವೆ ಸಿಕ್ಕ ಬಾಲ ಅಂಗಿಯ ಗುಂಡಿಯಂತೆ ಚಪ್ಪಟೆಯಾಗಿ ತಗಡನ್ನು ಕಚ್ಚಿಕೊಳ್ಳುತ್ತದೆ. ಡಾಲಿ ಒಂದಿಷ್ಟು ವಾಲಿದರೆ ಬಾಲವೂ ವಾಲುತ್ತದೆ. ಹೊರಗಿನಿಂದ ನೋಡಿದರೆ ಎಲ್ಲವೂ ಲಕ್ಷಣವಾಗಿ ಕಾಣುತ್ತದೆ, ಕೆಟ್ಟದ್ದು ಒಳಗಿನವರಿಗೆ ಮಾತ್ರ ಗೊತ್ತು.

ಗೆಳೆಯ ಹೋದ ಮೇಲೆ ಒಂದು ಭಾನುವಾರ ಅಕ್ಕೋರು ಡಬ್ಬಿ ಕೊಡಲು ಗಾಲಾಕ್ಕೆ ಹೋದರು. ಯಜಮಾನರು ರೆಕ್ಕೆಯ ಮುಂದೆ ತಲೆಗೆ ಕೈಹೊತ್ತು ಕೂತಿದ್ದರು. ಇವರು ಸೆರಗು ಸಿಕ್ಕಿಸಿ, ಗಂಡನ ಹಳೆಯ ಖಾಕಿ ಅಂಗಿಯನ್ನು ಸೀರೆಯ ಮೇಲೆ ತೊಟ್ಟು, ಏನು ಹಿಡಿಯಬೇಕು ತೋರಿಸಿ ಅಂದರಂತೆ. ಗೆಳೆಯನ ದಪ್ಪ ಮುಂಗೈ ಹೋಗದ ಪಕ್ಕೆಯ ಕಂಡಿಗಳಲ್ಲಿ ಇವರ ಕೈ ಭುಜದವರೆಗೂ ಹೋಯಿತು. ಅಂದು ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಶಾಲೆ ಮುಚ್ಚಿ ನಾವು ಬೇರೆ ಬೇರೆ ಕಡೆ ಹಂಚಿಹೋದ ಮೇಲೂ ಭಾನುವಾರ ನಾನು ಅವರೊಡನೆ ಲೋಕಲ್ ಹತ್ತಿ ಹೋಗುತ್ತಿದ್ದೆ. ನನ್ನ ಕೆಲಸ ಟಾರ್ಚ್ ಹಿಡಿಯುವುದು ಮತ್ತು ಬಾಯಿ ಬಡಿಯುವುದು.

ಗನ್ನಿನ ಸದ್ದಿಗೆ ಇಬ್ಬರ ಕಿವಿಗೂ ಮುಚ್ಚಳ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದು. ಹಾಗಾಗಿ ಮಾತೆಲ್ಲ ಡಾಲಿಯಿಂದಲೇ. ಒಳಗಿನಿಂದ ಒಂದು ಸಲ ತಟ್ಟಿದರೆ ಇನ್ನೂ ಹೊಡೆಯಿರಿ ಎಂದು. ಎರಡು ಸಲ ತಟ್ಟಿದರೆ ಸರಿಯಾಯಿತು. ಮೂರು ಸಲ ತಟ್ಟಿದರೆ ಕೆಟ್ಟಿತು, ತೆಗೆಯಿರಿ. ಪ್ರತಿ ರಿವೆಟ್ಟಿಗೂ ಅಕ್ಕೋರು ಡಾಲಿ ಸರಿಸಿ, ಬೆರಳ ತುದಿಯಿಂದ ಬಾಲವನ್ನು ಸುತ್ತ ಸವರಿ ನೋಡಿ ತೀರ್ಪು ಕೊಡುತ್ತಿದ್ದರು. ಆಗ ಅವರ ಕಣ್ಣು ಮುಚ್ಚಿರುತ್ತಿತ್ತು. ಮೂರು ತಟ್ಟಿದಾಗ ಯಜಮಾನರ ಮುಖ ನೋಡಬೇಕಿತ್ತು, ಫೇಲಾದ ಹುಡುಗನ ಮುಖ. ಆದರೆ ವಾದವಿಲ್ಲ. ಗನ್ನು ಇಟ್ಟು ಡ್ರಿಲ್ ಎತ್ತಿಕೊಳ್ಳುತ್ತಿದ್ದರು. ರಿವೆಟ್ ಹೊಡೆಯಲು ಇಬ್ಬರು ಬೇಕು, ತೆಗೆಯಲು ಒಬ್ಬರೇ ಸಾಕು.

ಮಧ್ಯಾಹ್ನ ಮಿಕ್ಕ ತಗಡಿನ ತುಂಡಿನ ಮೇಲೆ ಪೇಪರ್ ಹಾಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಪಕ್ಕದ ಗಾಲಾದ ಪಾಲಿಶ್‌ನವರು ಚಹಾ ಕಳಿಸಿ, ಚಾಚಿ, ನಿಮ್ಮ ಹವಾಯಿ ಜಹಾಜ್ ಯಾವಾಗ ಹಾರುವುದು ಎಂದು ಚೇಷ್ಟೆ ಮಾಡುತ್ತಿದ್ದರು. ಇವರಿಗೆ ಮಕ್ಕಳಿರಲಿಲ್ಲ. ನಮ್ಮ ಕಡೆಯ ಹೆಂಗಸೊಬ್ಬಳು ಒಮ್ಮೆ ನೋಡಲು ಬಂದು, ಇದೇ ನಿಮ್ಮ ಮಗು ಬಿಡಿ ಅಕ್ಕೋರೇ ಎಂದು ಬಿಟ್ಟಳು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಅಕ್ಕೋರು ಮಾತ್ರ ರೊಟ್ಟಿ ಮುರಿಯುತ್ತ ಶಾಂತವಾಗಿ ಹೇಳಿದರು.

"ಇಲ್ರೀ. ಮಗು ಹೆಂಗ ಹುಟ್ಟಿದ್ರೂ ಇಟ್ಕೋತಿದ್ವಿ. ಇದನ್ನ ಹಂಗ ಇಟ್ಕೊಳ್ಳಾಕ ಬರೂದಿಲ್ಲ."

ಒಂದು ರೆಕ್ಕೆ ಮುಗಿದು, ಎರಡನೆಯದರ ಕೊನೆಯ ತಗಡು ಉಳಿದಿದ್ದಾಗ ಅವರಿಗೆ ಕ್ಯಾನ್ಸರ್ ಎಂದು ತಿಳಿಯಿತು. ಕೊನೆಯ ತಗಡು ಎಲ್ಲಕ್ಕಿಂತ ಕಷ್ಟದ್ದು. ಅದು ಕೂರುತ್ತ ಹೋದಂತೆ ರೆಕ್ಕೆ ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆಯಾಗುತ್ತದೆ, ಒಳಗೆ ಏನಿದ್ದರೂ ಬೆರಳೇ ಕಣ್ಣು. ಆಸ್ಪತ್ರೆಗೆ ಹೋಗುವುದು, ಸಲೈನಿನಲ್ಲಿ ಔಷಧಿ ಹಾಕಿಸಿಕೊಳ್ಳುವುದು, ನಾಲ್ಕು ದಿನ ಹಾಸಿಗೆ ಹಿಡಿಯುವುದು, ಏಳಲು ಬಂದ ಭಾನುವಾರ ಗಾಲಾಕ್ಕೆ ಹೊರಡುವುದು. ಬೇಡ ಎಂದವರ ಮಾತು ನಡೆಯಲಿಲ್ಲ. ಎಣ್ಣೆ ಹಚ್ಚಿದ ಆ ತುರುಬು ಹೋಗಿ ತಲೆಗೆ ಹತ್ತಿಯ ಬಟ್ಟೆ ಬಂತು. ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ನನ್ನ ತೋಳು ಹಿಡಿಯುತ್ತಿದ್ದರು. ಆ ಹಿಡಿತ ಇಷ್ಟಿಷ್ಟೇ ಸಡಿಲಾಗುತ್ತಿತ್ತು. ನಿತ್ರಾಣದಿಂದ ಎಂದುಕೊಂಡೆವು.

ಆ ದೀಪಾವಳಿಗೆ ಹಟ ಹಿಡಿದು ಕರಚಿಕಾಯಿ ಮಾಡಿದರು. ಅಂಚು ಚಿವುಟಿ ಮಡಿಸುವ ಅವರ ಕೈಚಳಕವನ್ನು ನೋಡಲೆಂದೇ ನಾನು ಪ್ರತಿವರ್ಷ ಅವರ ಅಡುಗೆಮನೆಯಲ್ಲಿ ಕೂರುತ್ತಿದ್ದೆ. ಆ ಸಲ ಎಣ್ಣೆಗೆ ಬಿಟ್ಟವು ಒಂದೊಂದಾಗಿ ಬಾಯಿ ಬಿಟ್ಟು ಹೂರಣವನ್ನೆಲ್ಲ ಕಾರಿಕೊಂಡವು. ಹಿಟ್ಟು ಸರಿಯಾಗಿ ನಾದಿಲ್ಲ ಎಂದರು ಅಕ್ಕೋರು. ಮೈದಾ ಹಳತಾಗಿರಬೇಕು ಎಂದೆ ನಾನು. ಯಜಮಾನರು ಬಾಯಿಬಿಟ್ಟವನ್ನೇ ಬಟ್ಟಲಿಗೆ ಹಾಕಿಕೊಂಡು ಚಮಚದಿಂದ ತಿಂದು, ಹೀಗೇ ರುಚಿ ಎಂದು ನಕ್ಕರು. ನಾವು ಮೂವರೂ ಹಿಟ್ಟನ್ನು ಬೈದೆವು, ಬೆರಳನ್ನು ಯಾರೂ ಸಂಶಯಿಸಲಿಲ್ಲ.

ಸಂಕ್ರಾಂತಿ ಕಳೆದ ಭಾನುವಾರ. ಗಾಲಾದಲ್ಲಿ ಎಂದಿನಂತೆ ಕೆಲಸ ನಡೆದಿತ್ತು. ಅಕ್ಕೋರ ಬಲಗೈ ಭುಜದವರೆಗೆ ರೆಕ್ಕೆಯೊಳಗೆ, ಎಡಗೆನ್ನೆ ತಗಡಿಗೆ ಆನಿಸಿತ್ತು, ಕಣ್ಣು ಮುಚ್ಚಿತ್ತು. ಗನ್ನು ಗರ್ ಎಂದಿತು. ಒಳಗಿನಿಂದ ಎರಡು ತಟ್ಟು, ಸರಿ. ಮತ್ತೆ ಗನ್ನು, ಮತ್ತೆ ಎರಡು ತಟ್ಟು. ಆಗ ನನ್ನ ಟಾರ್ಚಿನ ಬೆಳಕಿಗೆ ರೆಕ್ಕೆಯ ಕೆಳಗಿನ ಅಂಚಿನಿಂದ ಏನೋ ತೊಟ್ಟಿಕ್ಕುವುದು ಕಂಡಿತು. ಮೊದಲು ಎಣ್ಣೆ ಎಂದುಕೊಂಡೆ. ಬೆಳಕು ಹತ್ತಿರ ತಂದರೆ ಕೆಂಪು. ನಾನು ಯಜಮಾನರ ತೋಳು ಹಿಡಿದೆಳೆದೆ. ಅಕ್ಕೋರು ಕೈ ಹೊರಗೆ ತೆಗೆದರು. ತೋರುಬೆರಳು, ನಡುಬೆರಳು ಎರಡರ ತುದಿಯೂ ತಗಡಿನ ಅಂಚಿಗೆ ಸಿಕ್ಕು ಸೀಳಿ ರಕ್ತ ಅಂಗಿಯ ತೋಳಿಗಿಳಿದಿತ್ತು.

ಅವರಿಗೆ ಗೊತ್ತೇ ಆಗಿರಲಿಲ್ಲ.

ಯಜಮಾನರು ಹತ್ತಿ ಹುಡುಕುತ್ತ ಡಬ್ಬಿಗಳನ್ನೆಲ್ಲ ಕೆಡವಿದರು. ಅಕ್ಕೋರು ಸ್ಟೂಲಿನ ಮೇಲೆ ಕೂತು, ತಮ್ಮ ಬೆರಳುಗಳನ್ನೇ ಬೇರೆ ಯಾರದ್ದೋ ಎಂಬಂತೆ ನೋಡಿದರು. ಹೆಬ್ಬೆರಳಿನ ಉಗುರಿನಿಂದ ಸೀಳಿದ ಜಾಗವನ್ನೇ ಒತ್ತಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ. ಔಷಧಿಯಿಂದ ಬೆರಳ ತುದಿಗಳು ಹೀಗೆ ಸತ್ತಂತಾಗುವುದುಂಟು ಎಂದು ಡಾಕ್ಟರು ಆಮೇಲೆ ಹೇಳಿದರು. ಮೆಲ್ಲಮೆಲ್ಲಗೆ ಆಗುವುದರಿಂದ ಎಷ್ಟೋ ಜನರಿಗೆ ತಿಳಿಯುವುದಿಲ್ಲವಂತೆ. ಆದರೆ ಆ ಹೊತ್ತಿಗೆ ಸ್ಟೂಲಿನ ಮೇಲೆ ಕೂತಿದ್ದ ಅಕ್ಕೋರಿಗೆ ನೋವಿನ ಚಿಂತೆಯಾಗಲಿ ರೋಗದ ಚಿಂತೆಯಾಗಲಿ ಇರಲಿಲ್ಲ. ಲೆಕ್ಕ ಶುರುವಾಗಿತ್ತು.

"ಕರಚಿಕಾಯಿ ಬಾಯಿ ಬಿಟ್ಟಿದ್ದು ದೀಪಾವಳಿಗೆ," ಎಂದರು. "ಅದು ಹಿಟ್ಟಿನ ತಪ್ಪಲ್ಲ. ಅವತ್ತಿಂದ ನಾ ಬರೇ ಅಂದಾಜಿನ ಮ್ಯಾಲೆ ತಟ್ಟೀನಿ. ದೀಪಾವಳಿ ಆದಮ್ಯಾಲೆ ಹೊಡದಿದ್ದೆಲ್ಲಾ ತಗೀರಿ."

ಅಂದರೆ ಕೊನೆಯ ತಗಡಿನ ಬಹುಪಾಲು. ಯಜಮಾನರು ಸ್ಟೂಲಿನ ಮುಂದೆ ಕೂತು ಆ ಬೆರಳುಗಳಿಗೆ ಹತ್ತಿ ಸುತ್ತತೊಡಗಿದರು.

ಅವರು ತೆಗೆಯಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಬೇಕು. ವರ್ಷಗಟ್ಟಲೆ ಆ ಮೂರು ತಟ್ಟುಗಳಿಗೆ ತಲೆಬಾಗಿದ ಮನುಷ್ಯ ಮೊದಲ ಸಲ ಮೊಂಡುಬಿದ್ದರು. ಸಣ್ಣ ಕ್ಯಾಮೆರಾ ಒಂದನ್ನು ವಯರಿಗೆ ಕಟ್ಟಿ ಒಳಗೆ ಇಳಿಸಿ ನೋಡಿದರು. ಚೆನ್ನಾಗಿಯೇ ಕಾಣುತ್ತಿವೆ ಎಂದು ಮನೆಗೆ ಬಂದು ಮೊಬೈಲಿನಲ್ಲಿ ಹೆಂಡತಿಗೆ ತೋರಿಸಿದರು. ಕಂಡವು ಸರಿ ಇರಬಹುದು, ಪಕ್ಕೆಯ ಮಡಿಕೆಯ ಹಿಂದೆ ಕಾಣದವೂ ಇವೆಯಲ್ಲ ಎಂದರು ಅಕ್ಕೋರು. ಯಜಮಾನರು ಆಗಲಿ, ತೆಗೆಯುತ್ತೇನೆ ಎನ್ನುವುದು, ಇವತ್ತು ಡ್ರಿಲ್ಲಿನ ಬಿಟ್ ಮುರಿದಿದೆ ಎನ್ನುವುದು, ನಾಳೆ ಕರೆಂಟು ಇಲ್ಲ ಎನ್ನುವುದು. ಒಂದು ದಿನ ಬಿಲ್ಡಿಂಗಿನ ಮೆಟ್ಟಿಲ ಮೇಲೆ ನನ್ನನ್ನು ತಡೆದು ನಿಲ್ಲಿಸಿ ನಿಜ ಹೇಳಿದರು. ಡಾಕ್ಟರು ಹೆಚ್ಚು ದಿನ ಕೊಟ್ಟಿರಲಿಲ್ಲ. ತೆಗೆದು ಮತ್ತೆ ಹೊಡೆಯುವಷ್ಟು ಹೊತ್ತು ಅಕ್ಕೋರ ಹತ್ತಿರ ಇರಲಿಲ್ಲ.

"ಆ ತಗಡೊಂದು ಮುಚ್ಚಿ, ಆಕಿನ್ನ ಒಮ್ಮೆ ಕರ್ಕೊಂಡು ಹೋಗಿ ತೋರಸ್ತೀನ್ರಿ, ಟೀಚರ್ರ. ಆಮ್ಯಾಲೆ ಅದು ಹಾರಿದ್ರ ಹಾರಲಿ, ಬಿದ್ರ ಬೀಳಲಿ."

ನಾನು ಮೇಲೆ ಹೋದೆ. ಮನೆಯ ಬಾಗಿಲು ತೆರೆದೇ ಇತ್ತು. ಅಕ್ಕೋರು ಗೋಡೆಗೊರಗಿ ಕೂತಿದ್ದರು. ಮೆಟ್ಟಿಲ ಮೇಲಿನ ಮಾತೆಲ್ಲ ಅವರ ಕಿವಿಗೆ ಬಿದ್ದಿತ್ತು. ಗಂಡ ಹಿಂದೆಯೇ ಒಳಗೆ ಬಂದಾಗ ಅವರನ್ನು ಎದುರಿಗೆ ಕರೆದರು. ನಾನು ಅಡುಗೆಮನೆಗೆ ಸರಿಯಲು ನೋಡಿದೆ, ಕೂರಿ ಎಂದು ನನ್ನನ್ನೂ ಕೂರಿಸಿದರು.

"ಬಿದ್ರ ಬೀಳಲಿ ಅಂದ್ರಲ್ಲ, ಅದರಾಗ ಕುಂತಾವ್ರು ಯಾರ?" ಎಂದು ಕೇಳಿದರು.



"ನಾ ನೋಡೂದಲ್ರೀ ಮುಖ್ಯ," ಎಂದರು ಅಕ್ಕೋರು. "ನೀವು ಮ್ಯಾಲೆ ಹ್ವಾದಾವ್ರು ಕೆಳಗ ಇಳಿಯೂದು ಮುಖ್ಯ."

ಅಕ್ಕೋರು ಅತ್ತದ್ದನ್ನು ನಾನು ನೋಡಿದ್ದು ಅಂದೇ. ಅದೂ ಅಳುತ್ತಿರುವುದು ತಮಗೇ ತಿಳಿಯದವರಂತೆ, ಕಣ್ಣೊರೆಸಿಕೊಳ್ಳದೆ. ಗಂಡ ತಮ್ಮ ಮೇಲಿನ ಪ್ರೀತಿಗೆ ಸ್ವಂತ ಜೀವವನ್ನೇ ಹಗುರ ಮಾಡಿಕೊಂಡಿದ್ದಾನೆ ಎಂಬುದು ಅವರಿಗೆ ರೋಗಕ್ಕಿಂತ ದೊಡ್ಡ ಸಂಕಟವಾಗಿತ್ತು. ಆಗಲಿ, ತೆಗೆಯುತ್ತೇನೆ ಎಂದರು ಯಜಮಾನರು. ಹೇಳಿದ ರೀತಿಯಲ್ಲೇ ಅವರಿಗೆ ಮನಸ್ಸಿಲ್ಲವೆಂದು ನನಗೂ ಗೊತ್ತಾಯಿತು, ಅಕ್ಕೋರಿಗೂ ಗೊತ್ತಾಗಿರಬೇಕು.

ಮರುದಿನದಿಂದ ನನಗೆ ಪಾಠ ಶುರು. ನನ್ನ ಕೈಯೂ ಸಣ್ಣದು, ಮುಂದೆ ಡಾಲಿ ಹಿಡಿಯುವವಳು ನಾನೇ ಎಂದು ಅಕ್ಕೋರು ತೀರ್ಮಾನ ಮಾಡಿಯಾಗಿತ್ತು, ನನ್ನನ್ನು ಕೇಳುವ ಪದ್ಧತಿ ಇರಲಿಲ್ಲ. ತಗಡಿನ ಒಂದು ತುಂಡಿನಲ್ಲಿ ಒಳ್ಳೆಯವು, ಕೆಟ್ಟವು ಎಲ್ಲ ಬಗೆಯ ರಿವೆಟ್ ಹೊಡೆಸಿ ತರಿಸಿದರು. ಅದನ್ನು ಹೊದಿಕೆಯ ಕೆಳಗಿಟ್ಟು, ಕಣ್ಣು ಮುಚ್ಚಿ ಮುಟ್ಟಿ ಹೇಳಬೇಕು: ಯಾವುದು ವಾಲಿದೆ, ಯಾವುದು ಹೆಚ್ಚು ಚಪ್ಪಟೆಯಾಗಿದೆ, ಯಾವುದು ತಗಡಿಗೆ ಕೂತಿಲ್ಲ. ನಾನು ಬೆರಳಾಡಿಸಿ ಎಲ್ಲವೂ ಸುಮಾರಾಗಿ ಸರಿ ಉಂಟಲ್ಲ ಎಂದೆ. "ಫೇಲ್," ಎಂದರು. ಮಲಗಿದಲ್ಲಿಂದಲೇ, ನಗುತ್ತ, ನೀರುದೋಸೆಯ ಕಾಲದಿಂದ ನನಗೆ ಗೊತ್ತಿದ್ದ ಅದೇ ದನಿಯಲ್ಲಿ. ಎಷ್ಟೋ ದಿನ ಫೇಲಾದೆ. ತಾವು ಮುಟ್ಟಿ ತೋರಿಸಲಾರರು, ಮಾತಿನಲ್ಲೇ ಹೇಳಬೇಕು. ಒಳ್ಳೆಯ ರಿವೆಟ್ಟಿನ ಅಂಚು ಹೇಗಿರುತ್ತದೆ ಎಂದು ನೆನಪಿನಿಂದ ಹೇಳುವಾಗ ಅವರ ಬೆರಳುಗಳು ಗಾಳಿಯಲ್ಲಿ ಅದನ್ನು ಸವರುತ್ತಿದ್ದವು. ನನಗೆ ನೋಡಲಾಗುತ್ತಿರಲಿಲ್ಲ. ಒಂದು ದಿನ ಕೊನೆಗೂ ಪಾಸು ಮಾಡಿದರು. ಗ್ರೇಸ್ ಮಾರ್ಕು ಕೊಟ್ಟಿಲ್ಲ ತಾನೆ ಎಂದು ಕೇಳಿದ್ದಕ್ಕೆ ಬಹಳ ಹೊತ್ತು ನಕ್ಕು ಕೆಮ್ಮಿದರು. ಮುಂದೆ ಆ ತಗಡನ್ನು ಹೊಸದಾಗಿ ಕೂರಿಸುವಾಗ ಒಳಗಿದ್ದದ್ದು ನನ್ನ ಕೈ ನಿಜ, ಆದರೆ ಆ ಕೈಗೆ ತಿಳಿದದ್ದೆಲ್ಲ ಅವರದ್ದೇ.

ಯುಗಾದಿ ಹತ್ತಿರ ಬಂದಾಗ ಅವರನ್ನು ಆಸ್ಪತ್ರೆಗೆ ಸೇರಿಸಿದರು, ಈ ಸಲ ವಾಪಸು ಕರೆತರುವ ಮಾತು ಡಾಕ್ಟರ ಬಾಯಲ್ಲಿ ಬರಲಿಲ್ಲ. ಹೆಂಗಸರ ವಾರ್ಡು. ಹಗಲು ನಾನು, ಉಳಿದ ಹೊತ್ತೆಲ್ಲ ಯಜಮಾನರು. ಒಂದು ಬೆಳಿಗ್ಗೆ ನಾನು ಗಂಜಿಯ ಥರ್ಮಾಸ್ ತೆಗೆದುಕೊಂಡು ಹೋದಾಗ ಅಕ್ಕೋರು ಎಚ್ಚರವಾಗಿದ್ದರು. ಯಜಮಾನರು ಪಕ್ಕದ ಸ್ಟೂಲಿನಲ್ಲಿದ್ದರು. ಮಾತು ಬಹಳ ಕ್ಷೀಣವಾಗಿತ್ತು, ಆದರೂ ಗಂಡನ ಕಡೆ ತಲೆ ಹೊರಳಿಸಿ ಸ್ಪಷ್ಟವಾಗಿ ಕೇಳಿದರು.

"ತಗದ್ರೇನು?"

ಆ ಹೊತ್ತಿಗೆ ಯಾರಾದರೂ ಹೌದು ಎನ್ನುತ್ತಿದ್ದರು. ನಾನಾಗಿದ್ದರೆ ಸಾವಿರ ಸಲ ಹೌದು ಎನ್ನುತ್ತಿದ್ದೆ. ಎಲ್ಲ ತೆಗೆದಾಯಿತು, ನೆಮ್ಮದಿಯಾಗಿ ಮಲಗಿ ಎಂದು ಹಣೆ ಸವರುತ್ತಿದ್ದೆ. ಹೇಳಿಬಿಡಿ ಎಂದು ನಾನು ಯಜಮಾನರಿಗೆ ಕಣ್ಣಲ್ಲೇ ಬೇಡಿಕೊಂಡೆ.

"ಇಲ್ಲ," ಎಂದರು ಅವರು. "ಕೈ ಬರವಲ್ದು."

ಅಕ್ಕೋರು ಅವರನ್ನೇ ನೋಡಿದರು. ಬೇಸರದ ನೋಟವಲ್ಲ. ನಿಜ ಹೇಳಿದ್ದಕ್ಕೆ ಅವರ ಮುಖ ಇನ್ನಷ್ಟು ಮೃದುವಾಯಿತು ಎಂದೇ ನನಗೆ ಅನ್ನಿಸಿದ್ದು.

"ಹಂಗಾದ್ರ ಇಲ್ಲಿ ಯಾಕ ಕುಂತೀರಿ? ಹೋಗ್ರಿ. ಟೀಚರ್ ಅದಾರ."

ಯಜಮಾನರು ನನ್ನ ಮುಖ ನೋಡಿದರು. ಈ ಸ್ಥಿತಿಯಲ್ಲಿ ಬಿಟ್ಟು ಹೇಗೆ ಹೋಗುವುದು ಎಂದು ಆ ನೋಟ ಕೇಳುತ್ತಿತ್ತು. ಅಕ್ಕೋರು ಕಣ್ಣು ತೆಗೆಯದೆ ಕಾಯುತ್ತಿದ್ದರು. ತಮಗೆ ಹೆಚ್ಚು ಹೊತ್ತಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ತಾನು ಹೋದ ಮೇಲೆ ಈ ಮನುಷ್ಯ ಆ ತಗಡನ್ನು ಮುಟ್ಟುವುದಿಲ್ಲ, ಹೆಂಡತಿಯ ಕೈ ಮುಟ್ಟಿದ ರಿವೆಟ್ ಎಂದು ಹಾಗೇ ಇಟ್ಟುಕೊಳ್ಳುತ್ತಾನೆ, ಎಂದೋ ಒಂದು ದಿನ ಅದನ್ನೇ ನಂಬಿ ಮೇಲೆ ಹೋಗುತ್ತಾನೆ ಎಂಬುದೂ ಗೊತ್ತಿತ್ತು. ಇದ್ದಾಗಲೇ ಆಗಬೇಕು. ಯಜಮಾನರು ಎದ್ದರು. ಚಪ್ಪಲಿ ಮೆಟ್ಟಿಕೊಂಡು ವಾರ್ಡಿನ ಬಾಗಿಲವರೆಗೆ ಹೋಗಿ ಹಿಂತಿರುಗಿ ನೋಡಿದರು. ಅಕ್ಕೋರು ಹೋಗಿ ಎಂದು ಗದ್ದ ಅಲ್ಲಾಡಿಸಿದರು.

ಆಮೇಲೆ ಅವರು ನನ್ನೊಡನೆ ಆಡಿದ್ದೆಲ್ಲ ಅದೊಂದೇ ವಿಷಯ. ಕುರ್ಲಾ ಬಂದಿರಬೇಕಲ್ಲ ಎಂದರು. ಬಂದಿರುತ್ತದೆ ಎಂದೆ. ಸ್ವಲ್ಪ ಬಿಟ್ಟು, ಶಟರ್ ಎತ್ತಿರಬೇಕು ಎಂದರು. ಮಧ್ಯ ಮಧ್ಯ ಮಂಪರು ಕವಿಯುತ್ತಿತ್ತು. ಎಚ್ಚರವಾದಾಗಲೆಲ್ಲ ಎಲ್ಲಿಯವರೆಗೆ ಬಂದಿರಬಹುದು ಎಂದು ತಾವೇ ಅಂದಾಜು ಹಾಕುತ್ತಿದ್ದರು. ಮಧ್ಯಾಹ್ನದ ಊಟದ ಗಾಡಿ ವಾರ್ಡಿಗೆ ಬಂದು ಹೋಯಿತು. ಇನ್ನು ಸ್ವಲ್ಪ ಉಳಿದಿರಬೇಕು ಎಂದರು. ಹೌದು ಅಕ್ಕೋರೇ, ಸ್ವಲ್ಪವೇ ಎಂದೆ. ಅದೇ ಕೊನೆಯ ಮಾತು. ನರ್ಸು ಓಡಿ ಬಂದಳು, ಡಾಕ್ಟರೂ ಬಂದರು, ಪರದೆ ಎಳೆದರು. ನಾನು ಕಾರಿಡಾರಿನಲ್ಲಿ ನಿಂತು ಯಜಮಾನರಿಗೆ ಫೋನು ಮಾಡಿದೆ. ಮತ್ತೆ ಮತ್ತೆ ಮಾಡಿದೆ. ಡ್ರಿಲ್ಲಿನ ಸದ್ದಿನಲ್ಲಿ, ಕಿವಿಯ ಮುಚ್ಚಳದಲ್ಲಿ, ಅವರಿಗೆ ಎಲ್ಲಿ ಕೇಳಬೇಕು?

ಅವರು ಬಂದಾಗ ಬಿಸಿಲು ಇಳಿದಿತ್ತು. ಫೋನು ನೋಡಿಯೇ ಇರಲಿಲ್ಲವಂತೆ. ಖಾಕಿ ಅಂಗಿಯ ತೋಳಿಗೆ, ಹುಬ್ಬಿಗೆ, ಅಲ್ಯೂಮಿನಿಯಂ ಚೂರುಗಳು ಮೆತ್ತಿದ್ದವು. ಪರದೆಯ ಹೊರಗೆ ನಿಂತಿದ್ದ ನನ್ನನ್ನು ನೋಡಿದ್ದೇ ಅವರಿಗೆ ತಿಳಿಯಿತು. ಒಳಗೆ ಹೋಗಿ ಸ್ಟೂಲು ಎಳೆದುಕೊಂಡು ಕೂತರು. ಹೊದಿಕೆಯ ಮೇಲಿದ್ದ ಆ ಚಿಕ್ಕ ಕೈಯನ್ನು ಎತ್ತಿಕೊಂಡರು. ಆಸ್ಪತ್ರೆಗೆ ಸೇರಿದ ಮೇಲೆ ಕೈ ಹಿಡಿದರೆ ಅಕ್ಕೋರಿಗೆ ತಿಳಿಯುತ್ತಿರಲಿಲ್ಲ, ಕಣ್ಣು ಬಿಟ್ಟು ನೋಡಿದರಷ್ಟೇ ಹಿಡಿದದ್ದು ಗೊತ್ತಾಗುತ್ತಿತ್ತು. ಅದು ನೆನಪಾಯಿತೋ ಏನೋ, ಯಜಮಾನರು ಕೈಯನ್ನು ಮೆಲ್ಲಗೆ ಕೆಳಗಿಟ್ಟು, ತಮ್ಮ ಅಂಗೈಯನ್ನು ಅವರ ಹಣೆಯ ಮೇಲೆ ಇಟ್ಟರು. ಬಗ್ಗಿ, ಪಕ್ಕದ ಮಂಚದವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

"ಎಲ್ಲಾ ತಗದೆ. ಒಂದೂ ಉಳಿಸಿಲ್ಲ."